ಮಕ್ಕಳ ಮಾನಸಿಕ ಲಕ್ಷಣಗಳು ಮತ್ತು ಆನುವಂಶಿಕ ಚಯಾಪಚಯ ರೋಗಗಳು: ಕಿತ್ತೂರು ಭಾಗದ ಅರ್ಜಿದಾರರ ಗಮನಕ್ಕೆ ಒಂದು ವಿಶ್ಲೇಷಣೆ

ಶಾಲೆಗೆ ಹೋಗುತ್ತಿರುವ ಮಗುವೊಂದು ಕೆಲವೇ ತಿಂಗಳುಗಳಲ್ಲಿ ಸಿಡುಕು ಸ್ವಭಾವ ತಾಳಿ, ಓದಿನಲ್ಲಿ ಹಿಂದೆ ಬಿದ್ದು, ಕೈಬರಹ ಕೆಟ್ಟು, ಒಡಹುಟ್ಟಿದವರ ಮೇಲೆ ಕೈಮಾಡತೊಡಗಿದರೆ ಅದನ್ನು ಮನಸ್ಸಿನ ಕಾಯಿಲೆಯೆಂದು ಭಾವಿಸುವುದು ಸಹಜ. ಬಹುಪಾಲು ಸಂದರ್ಭಗಳಲ್ಲಿ ಆ ಭಾವನೆ ಸರಿಯಾಗಿಯೇ ಇರುತ್ತದೆ. ಆದರೆ ಇಂತಹ ಮಕ್ಕಳ ಪೈಕಿ ಕೆಲವರಲ್ಲಿ ಮೂಲ ದೋಷವಿರುವುದು ಹುಟ್ಟಿನಿಂದ ಬಂದ ಚಯಾಪಚಯ ಕ್ರಿಯೆಯಲ್ಲಿ. ಮಾನಸಿಕ ಲಕ್ಷಣಗಳು ಅದರ ಹೊರರೂಪ ಮಾತ್ರ. ಈ ರೋಗಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ. ಆ ಚಿಕಿತ್ಸೆಯ ಫಲವು ಅದು ಎಷ್ಟು ಬೇಗ ಆರಂಭವಾಯಿತೆಂಬುದನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ. ಸರ್ಕಾರದ ನೆರವು ಸಹ ರೋಗದ ಹೆಸರನ್ನು ಆಧರಿಸಿಯೇ ದೊರೆಯುವುದರಿಂದ, ಸರಿಯಾದ ಹೆಸರು ದಾಖಲೆಯಲ್ಲಿ ಬರುವುದು ಅರ್ಜಿದಾರ ಕುಟುಂಬಕ್ಕೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯಾಗಿದೆ.

ಗೋವೆಯ ಕದಂಬರ ಕಾಲದ ಕಮಲನಾರಾಯಣ ದೇವಾಲಯದಿಂದ ಹೆಸರಾದ ಕಿತ್ತೂರು ತಾಲ್ಲೂಕಿನ ದೇಗಾಂವದಂತಹ ಗ್ರಾಮದಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬನಿಗೆ ಮೇಲ್ಕಂಡ ಲಕ್ಷಣಗಳು ಕಾಣಿಸಿಕೊಂಡವೆಂದು ಇಟ್ಟುಕೊಳ್ಳೋಣ. ಮೊದಲು ಶಿಕ್ಷಕರು ಮಗು ಉಡಾಫೆ ಮಾಡುತ್ತಿದೆ ಎನ್ನುತ್ತಾರೆ. ಅನಂತರ ಮನೆಯ ಹಿರಿಯರು ಗಾಳಿ ಸೋಕಿರಬಹುದೆಂದು ಹೇಳಿ ಹರಕೆ ಹೊರುತ್ತಾರೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವುದೂ ಉಂಟು. ದೈವಭಕ್ತಿಗೆ ಇಲ್ಲಿ ಯಾವ ಆಕ್ಷೇಪವೂ ಇಲ್ಲ. ಹರಕೆಯ ಜೊತೆಗೆ ವೈದ್ಯಕೀಯ ತಪಾಸಣೆಯೂ ನಡೆಯಲಿ ಎಂಬುದಷ್ಟೇ ವಿನಂತಿ. ಕೊನೆಗೆ ಕುಟುಂಬವು ಕಿತ್ತೂರು ಅಥವಾ ಬೈಲಹೊಂಗಲದ ಆಸ್ಪತ್ರೆಯ ಮೂಲಕ ಮನೋವೈದ್ಯರನ್ನು ತಲುಪುತ್ತದೆ. ಈ ಹಂತದವರೆಗೆ ಬರಲು ವರ್ಷವೊಂದು ಕಳೆದಿದ್ದರೂ ಆಶ್ಚರ್ಯವಿಲ್ಲ.

ದೇಹದ ದೋಷವು ಮನಸ್ಸಿನ ಲಕ್ಷಣವಾಗುವ ಬಗೆ

ನಾವು ಸೇವಿಸುವ ಆಹಾರವು ದೇಹದಲ್ಲಿ ಒಡೆದು, ಮಾರ್ಪಟ್ಟು, ಬೇಕಾದುದು ಉಳಿದು ಬೇಡವಾದುದು ಹೊರಹೋಗುವ ಕ್ರಿಯೆಗೆ ಚಯಾಪಚಯವೆಂದು ಹೆಸರು. ಇದರ ಪ್ರತಿ ಹಂತವನ್ನೂ ಒಂದೊಂದು ಕಿಣ್ವ ಅಥವಾ ಸಾಗಣೆಯ ಪ್ರೋಟೀನು ನಿರ್ವಹಿಸುತ್ತದೆ. ವಂಶವಾಹಿಯ ದೋಷದಿಂದ ಅವುಗಳಲ್ಲಿ ಒಂದು ಕೆಲಸ ಮಾಡದೇ ಹೋದರೆ ಹಿಂದಿನ ಹಂತದ ವಸ್ತು ಶೇಖರವಾಗುತ್ತದೆ, ಮುಂದಿನ ಹಂತದ ವಸ್ತು ದೊರೆಯದಂತಾಗುತ್ತದೆ. ಮಿದುಳು ಇಂತಹ ಏರುಪೇರನ್ನು ಸಹಿಸದ ಅಂಗ. ಕೈಕಾಲಿನ ದೌರ್ಬಲ್ಯವಾಗಲಿ ಕಾಮಾಲೆಯಾಗಲಿ ಕಾಣಿಸುವ ಮೊದಲೇ ಮಗುವಿನ ಸಿಟ್ಟು, ನಿದ್ರೆ, ಏಕಾಗ್ರತೆ, ಮಾತುಗಳಲ್ಲಿ ವ್ಯತ್ಯಾಸ ಕಾಣುವುದು ಈ ಕಾರಣದಿಂದ.

ನಮ್ಮ ರಾಜ್ಯದಲ್ಲಿ ಈ ಬಗ್ಗೆ ಅತ್ಯಂತ ದೀರ್ಘಕಾಲದ ಅನುಭವವಿರುವುದು ವಿಲ್ಸನ್ ಕಾಯಿಲೆಯ ವಿಷಯದಲ್ಲಿ. 1912ರಲ್ಲಿ ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಕಿನ್ನಿಯರ್ ವಿಲ್ಸನ್ ಎಂಬ ನರರೋಗ ತಜ್ಞರು ಇದನ್ನು ವಿವರಿಸಿದರು. ಆಹಾರದಲ್ಲಿರುವ ತಾಮ್ರದ ಅಂಶವನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕಬೇಕು. ಆ ಕೆಲಸದ ಪ್ರೋಟೀನು ದೋಷಪೂರಿತವಾಗಿರುವ ಮಕ್ಕಳಲ್ಲಿ ತಾಮ್ರವು ಮೊದಲು ಯಕೃತ್ತಿನಲ್ಲಿ, ಬಳಿಕ ಮಿದುಳಿನಲ್ಲಿ ಮತ್ತು ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಶೇಖರವಾಗುತ್ತದೆ. ಹುಟ್ಟುವಾಗ ಮಗು ಆರೋಗ್ಯವಾಗಿಯೇ ಕಾಣುತ್ತದೆ. ಸಾಮಾನ್ಯವಾಗಿ ಐದು ವರ್ಷ ಕಳೆದ ಮೇಲೆ, ಬಹುಮಟ್ಟಿಗೆ ಶಾಲಾ ವಯಸ್ಸಿನಲ್ಲಿ ಅಥವಾ ಹರೆಯದಲ್ಲಿ, ಲಕ್ಷಣಗಳು ತೋರುತ್ತವೆ.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ತಮ್ಮಲ್ಲಿಗೆ ಬಂದ 282 ವಿಲ್ಸನ್ ರೋಗಿಗಳ ವಿವರಗಳನ್ನು 2007ರಲ್ಲಿ ಪ್ರಕಟಿಸಿದರು. ರೋಗ ಆರಂಭವಾದ ಸರಾಸರಿ ವಯಸ್ಸು ಸುಮಾರು 16 ವರ್ಷ. 195 ಮಂದಿಗೆ ನರಸಂಬಂಧಿ ಲಕ್ಷಣಗಳು ಪ್ರಧಾನವಾಗಿದ್ದವು, 42 ಮಂದಿಗೆ ಯಕೃತ್ತಿನ ತೊಂದರೆ, 7 ಮಂದಿಗೆ ಕೇವಲ ಮಾನಸಿಕ ಲಕ್ಷಣಗಳು. ಅರ್ಧಕ್ಕಿಂತ ಹೆಚ್ಚು ರೋಗಿಗಳ ತಂದೆತಾಯಿಯರು ರಕ್ತಸಂಬಂಧಿಗಳಾಗಿದ್ದರು. ಲಕ್ಷಣ ಕಾಣಿಸಿಕೊಂಡ ದಿನದಿಂದ ರೋಗ ನಿರ್ಧಾರವಾಗುವವರೆಗೆ ಸರಾಸರಿ ಎರಡು ವರ್ಷಕ್ಕೂ ಹೆಚ್ಚು ಕಾಲ ಸಂದಿತ್ತು.

282ರಲ್ಲಿ 7 ಎಂಬುದು ಚಿಕ್ಕ ಸಂಖ್ಯೆಯೆಂದು ತೋರಬಹುದು. ಆದರೆ ಇದನ್ನು ಎರಡು ಕಾರಣಗಳಿಗಾಗಿ ಎಚ್ಚರಿಕೆಯಿಂದ ಓದಬೇಕು. ನರಸಂಬಂಧಿ ಲಕ್ಷಣಗಳೊಡನೆ ಬರುವ ಅನೇಕರಲ್ಲಿ ನಡವಳಿಕೆಯ ಬದಲಾವಣೆಯೂ ಬೆರೆತಿರುತ್ತದೆ. ಅವರು ಈ ಏಳರ ಲೆಕ್ಕಕ್ಕೆ ಸೇರುವುದಿಲ್ಲ. ಎರಡನೆಯದಾಗಿ, ಸರಿಯಾದ ಹೆಸರು ಸಿಕ್ಕವರು ಮಾತ್ರ ಇಂತಹ ಪಟ್ಟಿಯಲ್ಲಿರುತ್ತಾರೆ. ಮಾನಸಿಕ ಲಕ್ಷಣಗಳೇ ಪ್ರಧಾನವಾಗಿದ್ದ 15 ರೋಗಿಗಳನ್ನು ಕುರಿತು ಅದೇ ಸಂಸ್ಥೆಯ ವೈದ್ಯರು 2008ರಲ್ಲಿ ಪ್ರತ್ಯೇಕ ವರದಿಯೊಂದನ್ನು ಬರೆದು, ಇವರನ್ನು ಗುರುತಿಸುವುದೂ ಕಷ್ಟ, ಚಿಕಿತ್ಸೆ ನೀಡುವುದೂ ಕಷ್ಟವೆಂದು ಅಭಿಪ್ರಾಯಪಟ್ಟರು. ಮನೋರೋಗಗಳಿಗೆ ಕೊಡುವ ಕೆಲವು ಔಷಧಿಗಳಿಂದ ಇಂತಹ ಮಕ್ಕಳಲ್ಲಿ ಮೈ ಬಿಗಿತ, ನಡುಕ, ಮಾತಿನ ತೊದಲು ಬಹುಬೇಗ ಹೆಚ್ಚಾಗುವುದೇ ಆ ಕಷ್ಟದ ಒಂದು ಭಾಗ. ದೇಶದ ಮಾನಸಿಕ ಆರೋಗ್ಯಕ್ಕೆ ಮುಖ್ಯವಾದ ಸಂಸ್ಥೆಯ ತಜ್ಞರಿಗೇ ಇದು ಕಷ್ಟವೆನಿಸಿದ ಮೇಲೆ ತಾಲ್ಲೂಕು ಮಟ್ಟದ ವೈದ್ಯಾಧಿಕಾರಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರಿಗೆ ಬೇಕಾದುದು ಪೋಷಕರಿಂದ ಸರಿಯಾದ ಮಾಹಿತಿ.

ವಿಲ್ಸನ್ ಕಾಯಿಲೆಯನ್ನು ಪತ್ತೆಹಚ್ಚಲು ಮೊದಲ ಹಂತದಲ್ಲಿ ದುಬಾರಿ ಯಂತ್ರಗಳು ಬೇಕಿಲ್ಲ. ಕಣ್ಣಿನ ತಜ್ಞರು ಸ್ಲಿಟ್ ಲ್ಯಾಂಪ್ ಉಪಕರಣದಿಂದ ಕರಿಗುಡ್ಡೆಯ ಸುತ್ತ ಕಂದು ಅಥವಾ ಹಸಿರು ಬಣ್ಣದ ಉಂಗುರವಿದೆಯೇ ಎಂದು ನೋಡುತ್ತಾರೆ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನ ಪ್ರಮಾಣವನ್ನೂ, 24 ಗಂಟೆಗಳ ಮೂತ್ರದಲ್ಲಿ ತಾಮ್ರದ ಪ್ರಮಾಣವನ್ನೂ ಅಳೆಯಲಾಗುತ್ತದೆ. ಉಂಗುರ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು. ನರಲಕ್ಷಣಗಳಿರುವವರಲ್ಲಿ ಅದು ಬಹುತೇಕ ಕಾಣುತ್ತದೆ, ಯಕೃತ್ತಿನ ಲಕ್ಷಣವಷ್ಟೇ ಇರುವ ಮಕ್ಕಳಲ್ಲಿ ಕಾಣದೆಯೂ ಇರಬಹುದು. ದೇಹದ ತಾಮ್ರವನ್ನು ಮೂತ್ರದ ಮೂಲಕ ಹೊರತರುವ ಪೆನಿಸಿಲಮೈನ್ ಔಷಧಿಯನ್ನು 1956ರಲ್ಲಿ ಜಾನ್ ವಾಲ್ಷ್ ಬಳಕೆಗೆ ತಂದರು. ತಾಮ್ರವು ಕರುಳಿನಲ್ಲಿ ಹೀರಲ್ಪಡದಂತೆ ತಡೆಯುವ ಸತುವಿನ ಲವಣಗಳೂ ಇವೆ. ಚಿಕಿತ್ಸೆಯ ಆರಂಭದಲ್ಲಿ ಕೆಲವರ ನರಲಕ್ಷಣಗಳು ಉಲ್ಬಣಿಸುವುದರಿಂದ ಇದು ತಜ್ಞರ ನಿಗಾದಲ್ಲಿಯೇ ನಡೆಯಬೇಕು. ಜೀವನಪರ್ಯಂತ ಮುಂದುವರಿಯಬೇಕು. ಗುಣವಾಯಿತೆಂದು ಔಷಧಿ ನಿಲ್ಲಿಸಿದವರಲ್ಲಿ ಯಕೃತ್ತು ಏಕಾಏಕಿ ವಿಫಲವಾಗಿ ಪ್ರಾಣಾಪಾಯ ಸಂಭವಿಸಿದ ನಿದರ್ಶನಗಳಿವೆ.

ಇಲ್ಲಿ ಊರಿನ ಪದ್ಧತಿಗೆ ಸಂಬಂಧಿಸಿದ ಒಂದು ಮಾತು. ರಾತ್ರಿಯಿಡೀ ತಾಮ್ರದ ಕೊಡ ಅಥವಾ ತಂಬಿಗೆಯಲ್ಲಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವುದು ಆರೋಗ್ಯಕರವೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇತರರ ಮಾತು ಹೇಗೇ ಇರಲಿ, ವಿಲ್ಸನ್ ಕಾಯಿಲೆಯ ಮಗುವಿಗೆ ಈ ನೀರು ಕೂಡದು. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆ ಪಾತ್ರೆಗಳ ಅಡುಗೆಯೂ ಕೂಡದು. ಶೇಂಗಾ, ಎಳ್ಳು, ಸೋಯಾ, ಯಕೃತ್ತಿನ ಮಾಂಸ ಇವುಗಳಲ್ಲಿ ತಾಮ್ರದ ಅಂಶ ಹೆಚ್ಚು. ಬೈಲಹೊಂಗಲ ಭಾಗದ ಊಟದಲ್ಲಿ ಶೇಂಗಾ ಚಟ್ನಿ ಇಲ್ಲದ ದಿನವಿಲ್ಲವೆಂಬುದು ತಿಳಿದದ್ದೇ. ಎಷ್ಟು ಕಡಿಮೆ ಮಾಡಬೇಕು, ಎಷ್ಟು ಕಾಲ ಪೂರ್ತಿ ಬಿಡಬೇಕು ಎಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು.

ಇತರ ರೋಗಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುವುದಾದರೆ, ಫಿನೈಲ್‌ಕೀಟೋನೂರಿಯ ಇರುವ ಮಗುವಿಗೆ ಆಹಾರದ ಕಟ್ಟುಪಾಡು ಸಕಾಲದಲ್ಲಿ ಆಗದಿದ್ದರೆ ಬುದ್ಧಿಮಾಂದ್ಯ ಉಂಟಾಗುವುದಲ್ಲದೆ, ಅತಿ ಚಟುವಟಿಕೆ ಮತ್ತು ಆಟಿಸಂ ಹೋಲುವ ನಡವಳಿಕೆಯೂ ತೋರುತ್ತದೆ. ಯೂರಿಯಾ ಚಕ್ರದ ದೋಷವಿರುವ ಮಗು ಜ್ವರ, ಉಪವಾಸ ಅಥವಾ ಹೆಚ್ಚು ಪ್ರೋಟೀನಿನ ಊಟದ ಬಳಿಕ ರಕ್ತದಲ್ಲಿ ಅಮೋನಿಯಾ ಏರಿ ದಿಗ್ಭ್ರಮೆಗೊಳ್ಳುತ್ತದೆ, ಅಸಂಬದ್ಧವಾಗಿ ಮಾತನಾಡುತ್ತದೆ, ಎರಡು ದಿನದಲ್ಲಿ ಮೊದಲಿನಂತಾಗುತ್ತದೆ. ಇಂತಹ ಮಗುವಿಗೆ ಮೂರ್ಛೆಗೂ ಮನೋಸ್ಥಿತಿಯ ಏರಿಳಿತಕ್ಕೂ ಬಳಸುವ ವಾಲ್‌ಪ್ರೋಯೇಟ್ ಔಷಧಿ ಅಪಾಯಕಾರಿ. ಸ್ಯಾನ್‌ಫಿಲಿಪ್ಪೊ ರೋಗದ ಮಕ್ಕಳು ಮೂರು ನಾಲ್ಕು ವರ್ಷದಿಂದಲೇ ತಡೆಯಲಾರದಷ್ಟು ಚಂಚಲರಾಗಿ ರಾತ್ರಿಗಳನ್ನು ನಿದ್ರೆಯಿಲ್ಲದೆ ಕಳೆಯುತ್ತಾರೆ. ಅಡ್ರಿನೋಲ್ಯೂಕೋಡಿಸ್ಟ್ರೋಫಿ ಎಂಬುದು ನಾಲ್ಕರಿಂದ ಹತ್ತು ವರ್ಷದ ಗಂಡುಮಕ್ಕಳಲ್ಲಿ ಮೊದಲು ಗಮನಶಕ್ತಿಯ ಕೊರತೆಯಂತೆಯೇ ಕಾಣುತ್ತದೆ. ಎಲ್ಲವೂ ಒಂದೇ ರೀತಿ ಗುಣವಾಗುವ ರೋಗಗಳಲ್ಲ. ಕೆಲವಕ್ಕೆ ಮೂಲ ಚಿಕಿತ್ಸೆಯೇ ಇಲ್ಲ. ಆದರೂ ಹೆಸರು ತಿಳಿದ ಕುಟುಂಬವು ನಿಷ್ಪ್ರಯೋಜಕ ಔಷಧಿಗಳಿಗೆ ಹೊಲ ಮಾರುವುದು ತಪ್ಪುತ್ತದೆ.

ರಕ್ತಸಂಬಂಧದ ವಿವಾಹ

ಮೇಲೆ ಹೇಳಿದ ರೋಗಗಳಲ್ಲಿ ಹೆಚ್ಚಿನವು ತಂದೆ ತಾಯಿ ಇಬ್ಬರಿಂದಲೂ ಅದೇ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ಪ್ರಕಟವಾಗುತ್ತವೆ. ಒಂದೊಂದು ಪ್ರತಿಯನ್ನಷ್ಟೇ ಹೊತ್ತ ತಂದೆತಾಯಿಯರು ಸಂಪೂರ್ಣ ಆರೋಗ್ಯವಂತರು. ಪ್ರತಿ ಗರ್ಭದಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ತರುವ ರೂಢಿಯಿರುವ ಮನೆತನಗಳಲ್ಲಿ ಈ ಸಂಭವ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕೂ ತುಸು ಹೆಚ್ಚು ವಿವಾಹಗಳು ರಕ್ತಸಂಬಂಧದೊಳಗಿನವು. 1955ರ ಹಿಂದೂ ವಿವಾಹ ಅಧಿನಿಯಮವು ರೂಢಿಯಿರುವ ಕಡೆ ಇಂತಹ ವಿವಾಹಕ್ಕೆ ಅವಕಾಶ ನೀಡುತ್ತದೆ. ಆದುದರಿಂದ ಆಸ್ಪತ್ರೆಯಲ್ಲಿ ಈ ಬಗ್ಗೆ ಕೇಳಿದಾಗ ಸಂಕೋಚದಿಂದ ಮರೆಮಾಚಲು ಕಾರಣವಿಲ್ಲ. ಹೊರಸಂಬಂಧದಲ್ಲಿ ಮದುವೆಯಾದವರ ಮಕ್ಕಳಿಗೂ ಈ ರೋಗಗಳು ಬರುತ್ತವೆ. ಸೊಸೆಯ ಕಡೆಯಿಂದ ಬಂತು, ಅವರ ಮನೆತನದ ದೋಷ ಎಂಬ ಮಾತಿಗೆ ವಿಜ್ಞಾನದಲ್ಲಿ ಆಧಾರವಿಲ್ಲ: ಈ ರೋಗಗಳಲ್ಲಿ ಹೆಚ್ಚಿನವು ಎರಡೂ ಕಡೆಯಿಂದ ಬಾರದೆ ಉಂಟಾಗುವುದಿಲ್ಲ.

ನವಜಾತ ಶಿಶುಗಳ ತಪಾಸಣೆಯಲ್ಲಿ ಕರ್ನಾಟಕವು ದೇಶಕ್ಕೇ ಮೊದಲು ಹೆಜ್ಜೆಯಿಟ್ಟ ರಾಜ್ಯ. 1980ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಯೋಗದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಲಾಯಿತು. ಅದು ರಾಜ್ಯದ ಎಲ್ಲ ಹೆರಿಗೆ ಆಸ್ಪತ್ರೆಗಳಿಗೆ ವಿಸ್ತರಿಸಲಿಲ್ಲವೆಂಬುದು ವಿಷಾದದ ಸಂಗತಿ. ನೆರೆಯ ಗೋವಾ 2008ರಲ್ಲಿ ಇಂತಹ ತಪಾಸಣೆಯನ್ನು ಕೈಗೊಂಡಿತು. ವಿಲ್ಸನ್ ಕಾಯಿಲೆಯಂತೂ ನವಜಾತ ಶಿಶುವಿನ ಸಾಮಾನ್ಯ ತಪಾಸಣೆಯಲ್ಲಿ ಪತ್ತೆಯಾಗುವಂಥದ್ದಲ್ಲ. ಆದುದರಿಂದ ಪೋಷಕರ ಮತ್ತು ಶಿಕ್ಷಕರ ಕಣ್ಣೇ ಮೊದಲ ತಪಾಸಣೆಯಾಗಿ ಉಳಿದಿದೆ.

ವೈದ್ಯರಿಗೆ ತಪ್ಪದೆ ತಿಳಿಸಬೇಕಾದ ಸಂಗತಿಗಳು ಹೀಗಿವೆ. ಕಲಿತ ಮಾತು, ಬರಹ, ನಡಿಗೆಯಲ್ಲಿ ಮಗು ಹಿಂದೆ ಸರಿದಿದ್ದರೆ; ಜ್ವರ, ವಾಂತಿ, ಉಪವಾಸ ಅಥವಾ ಹಬ್ಬದೂಟದ ನಂತರವೇ ವಿಚಿತ್ರ ನಡವಳಿಕೆ ಕಾಣಿಸಿ ಆಮೇಲೆ ಇಳಿಯುತ್ತಿದ್ದರೆ; ಜೊಲ್ಲು ಸುರಿಯುವುದು, ಕೈ ನಡುಕ, ತೊದಲುವಿಕೆ ಜೊತೆಗೂಡಿದ್ದರೆ; ಹಿಂದೆ ಕಾಮಾಲೆಯಾಗಿದ್ದರೆ; ಮನೋರೋಗದ ಔಷಧಿಯಿಂದ ಸುಧಾರಣೆಯ ಬದಲು ಮೈ ಬಿಗಿತ ಹೆಚ್ಚಾಗಿದ್ದರೆ; ಅದೇ ಮನೆಯಲ್ಲಿ ಕಾರಣ ತಿಳಿಯದೆ ಮಗುವೊಂದು ತೀರಿಕೊಂಡಿದ್ದರೆ. ಕೊನೆಯದನ್ನು ಹೇಳುವುದು ತಾಯಂದಿರಿಗೆ ಎಷ್ಟು ಕಷ್ಟವೆಂಬುದು ತಿಳಿದಿದೆ. ಆದರೂ ವೈದ್ಯರಿಗೆ ಅತ್ಯಂತ ಉಪಯುಕ್ತವಾಗುವುದು ಅದೇ. ಈ ಲಕ್ಷಣಗಳಿವೆಯೆಂದು ಕುಟುಂಬದವರೇ ಔಷಧಿಗಳನ್ನು ನಿಲ್ಲಿಸಕೂಡದು.

ಸೇವೆಗಳು ಮತ್ತು ಅವುಗಳ ನಡುವಿನ ಅಂತರ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಜಾರಿಗೆ ಬಂದಿತು. ಇದರ ಸಂಚಾರಿ ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಿ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಬೆಳವಣಿಗೆಯ ವಿಳಂಬ, ಕಲಿಕೆಯ ತೊಂದರೆ, ಆಟಿಸಂ ಇವು ಅದರ ಪಟ್ಟಿಯಲ್ಲಿವೆ. ಮಾನಸಿಕ ಆರೋಗ್ಯದ ಕಡೆಯಿಂದ ನೋಡಿದರೆ, 1985ರಲ್ಲಿ ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂಗವೈಕಲ್ಯದ ಕಡೆಯಿಂದ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಬೌದ್ಧಿಕ ವೈಕಲ್ಯ, ಮಾನಸಿಕ ಅಸ್ವಸ್ಥತೆ, ದೀರ್ಘಕಾಲೀನ ನರರೋಗ ಸೇರಿದಂತೆ 21 ಬಗೆಗಳನ್ನು ಗುರುತಿಸಿದೆ. ವಿರಳ ರೋಗಗಳ ರಾಷ್ಟ್ರೀಯ ನೀತಿಯು 2021ರಲ್ಲಿ ಪ್ರಕಟವಾಯಿತು. ಅದರಡಿ ಪ್ರತಿ ರೋಗಿಗೆ ನೀಡುವ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಯಿತು.

ಪ್ರತ್ಯೇಕವಾಗಿ ನೋಡಿದರೆ ಇವೆಲ್ಲವೂ ಉತ್ತಮ ವ್ಯವಸ್ಥೆಗಳೇ. ತೊಡಕಿರುವುದು ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ. ಮಾನಸಿಕ ಆರೋಗ್ಯ ಸೇವೆಯು ಲಕ್ಷಣವನ್ನು ನೋಡುತ್ತದೆ. ಅಂಗವೈಕಲ್ಯ ಪ್ರಮಾಣಪತ್ರವು ನ್ಯೂನತೆಯ ಶೇಕಡಾವಾರು ಪ್ರಮಾಣವನ್ನು ಅಳೆಯುತ್ತದೆ. ವಿರಳ ರೋಗಗಳ ನೀತಿಯಾದರೋ ರೋಗದ ಹೆಸರನ್ನು ಕೇಳುತ್ತದೆ, ಮತ್ತು ಆ ಹೆಸರು ಅದರ ಪಟ್ಟಿಯಲ್ಲಿರಬೇಕಾಗುತ್ತದೆ. ದೇಗಾಂವದ ಮಗುವಿನ ಕಡತದಲ್ಲಿ ‘ನಡವಳಿಕೆಯ ತೊಂದರೆ’ ಎಂದಷ್ಟೇ ಬರೆದಿದ್ದರೆ ಮೊದಲ ಎರಡು ಸೇವೆಗಳು ದೊರೆಯುತ್ತವೆ, ಮೂರನೆಯದು ದೊರೆಯುವುದಿಲ್ಲ. ಪ್ರಮಾಣಪತ್ರವೊಮ್ಮೆ ಕೈಸೇರಿದ ಮೇಲೆ ಕಾರಣವನ್ನು ಹುಡುಕುವ ಪ್ರಯತ್ನವೂ ಅಲ್ಲಿಗೇ ನಿಂತುಬಿಡುವುದು ಹೆಚ್ಚು ಕಳವಳದ ವಿಷಯ. ಮಾಸಾಶನ ಆರಂಭವಾದ ಮನೆಯಲ್ಲಿ ಮತ್ತೆ ರಕ್ತಪರೀಕ್ಷೆಗೆ ಅಲೆಯುವ ಉತ್ಸಾಹ ಉಳಿಯುವುದು ಕಷ್ಟ.

ಕಿತ್ತೂರು ಭಾಗದವರಿಗೆ ಭೌಗೋಳಿಕವಾದ ಇನ್ನೊಂದು ತೊಡಕಿದೆ. ತಾಲ್ಲೂಕು ಬೆಳಗಾವಿ ಜಿಲ್ಲೆಗೆ ಸೇರಿದ್ದು, ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಶಿಫಾರಸು ಮತ್ತು ಪ್ರಮಾಣಪತ್ರದ ವ್ಯವಹಾರ ಬೆಳಗಾವಿಯ ಕಡೆಗೆ ಹೋಗುತ್ತದೆ. ಆದರೆ ಹೆದ್ದಾರಿಯಲ್ಲಿ ಧಾರವಾಡವೇ ಹತ್ತಿರವಾದುದರಿಂದ ಮನೋವೈದ್ಯಕೀಯ ಚಿಕಿತ್ಸೆಗೆ ಜನರು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಗೆ ಹೋಗುವುದು ಸ್ವಾಭಾವಿಕ. ಹೀಗೆ ಒಂದೇ ಮಗುವಿನ ಕಾಗದಗಳು ಎರಡು ಜಿಲ್ಲೆಗಳಲ್ಲಿ ಹಂಚಿಹೋಗುತ್ತವೆ. ವಿರಳ ರೋಗಗಳಿಗೆ ರಾಜ್ಯದಲ್ಲಿ ಉತ್ಕೃಷ್ಟತಾ ಕೇಂದ್ರವೆಂದು ನೀತಿಯು ಗುರುತಿಸಿದ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇರುವುದು ನಾನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರಿನಲ್ಲಿ. ನೆರವಿನ ಹಣ ಕುಟುಂಬದ ಬ್ಯಾಂಕ್ ಖಾತೆಗೆ ಬರುವುದಿಲ್ಲ; ಅದು ಆ ಕೇಂದ್ರದ ಮೂಲಕ ಚಿಕಿತ್ಸೆಗೆ ವೆಚ್ಚವಾಗುತ್ತದೆ. ಹಣ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳನ್ನು ನಂಬಬಾರದು.

ಈ ಹಿನ್ನೆಲೆಯಲ್ಲಿ ಅರ್ಜಿದಾರರು ಅನುಸರಿಸಬೇಕಾದ ಕ್ರಮವು ಸರಳವಾದದ್ದು. ಯಾವ ಆಸ್ಪತ್ರೆಗೆ ಹೋದರೂ ಬಿಡುಗಡೆ ಪತ್ರ ಹಾಗೂ ಪರೀಕ್ಷಾ ವರದಿಗಳ ಪ್ರತಿಗಳನ್ನು ಕೇಳಿ ಪಡೆದು ಒಂದೇ ಕಡತದಲ್ಲಿ ಕಾಲಾನುಕ್ರಮವಾಗಿ ಇಡತಕ್ಕದ್ದು. ಮಗುವಿನ ಹಳೆಯ ಶಾಲಾ ನೋಟುಪುಸ್ತಕಗಳನ್ನು ರದ್ದಿಗೆ ಹಾಕಬಾರದು. ಕಳೆದ ವರ್ಷದ ಮತ್ತು ಈ ವರ್ಷದ ಕೈಬರಹವನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ವೈದ್ಯರಿಗೆ ಬಹಳಷ್ಟು ತಿಳಿಯುತ್ತದೆ. ಲಕ್ಷಣಗಳಿಗೆ ದೈಹಿಕ ಕಾರಣವಿರಬಹುದೇ ಎಂದು ವೈದ್ಯರನ್ನು ನೇರವಾಗಿ ಕೇಳಬಹುದು; ಇದು ಅವಿನಯವಲ್ಲ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಲು ರೋಗ ನಿರ್ಧಾರದವರೆಗೆ ಕಾಯಬೇಕಿಲ್ಲ. ನ್ಯೂನತೆಯ ಪ್ರಮಾಣ ಬದಲಾಗುವ ಸಂಭವವಿದ್ದಲ್ಲಿ ನಿಗದಿತ ಅವಧಿಗೆ ಮಾತ್ರ ಸಿಂಧುವಾಗುವ ಪ್ರಮಾಣಪತ್ರ ನೀಡಲು ನಿಯಮಗಳಲ್ಲಿ ಅವಕಾಶವಿದೆ. ಚಿಕಿತ್ಸೆಗೆ ಸ್ಪಂದಿಸಬಹುದಾದ ರೋಗದ ಶಂಕೆಯಿರುವ ಮಗುವಿಗೆ ಅದೇ ಹೆಚ್ಚು ಸೂಕ್ತ: ನವೀಕರಣದ ದಿನಾಂಕವು ಮಗುವನ್ನು ಮತ್ತೊಮ್ಮೆ ವೈದ್ಯರ ಮುಂದೆ ತರುತ್ತದೆ. ಮನೆಯಲ್ಲಿ ಪರಿಸ್ಥಿತಿ ಕೈಮೀರಿದಾಗ, ಯಾರನ್ನು ಕೇಳಬೇಕೆಂದು ತೋಚದಾಗ, 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ರೋಗದ ಹೆಸರು ನಿರ್ಧಾರವಾದ ಕೂಡಲೇ ಒಡಹುಟ್ಟಿದವರ ಪರೀಕ್ಷೆಯನ್ನೂ ಮಾಡಿಸತಕ್ಕದ್ದು, ಅವರು ಆಡಿಕೊಂಡು ಆರೋಗ್ಯವಾಗಿದ್ದರೂ ಸಹ. ಮೇಲೆ ಹೇಳಿದ 282 ರೋಗಿಗಳಲ್ಲಿ 15 ಮಂದಿಗೆ ಪತ್ತೆಯಾದಾಗ ಯಾವ ಲಕ್ಷಣವೂ ಇರಲಿಲ್ಲ. ಇಂತಹವರು ಸಾಮಾನ್ಯವಾಗಿ ಅಣ್ಣನಿಗೋ ಅಕ್ಕನಿಗೋ ರೋಗವಿದೆಯೆಂದು ತಿಳಿದ ಮೇಲೆ ಮಾಡಿಸಿದ ಪರೀಕ್ಷೆಯಿಂದ ಸಿಗುವವರು. ಔಷಧಿಯನ್ನು ಈ ಹಂತದಲ್ಲಿಯೇ ಆರಂಭಿಸಿ ತಪ್ಪದೆ ಮುಂದುವರಿಸಿದರೆ ಅವರ ಮಿದುಳಿಗೂ ಯಕೃತ್ತಿಗೂ ಆಗಬಹುದಾದ ಹಾನಿಯನ್ನು ತಡೆಯಬಹುದು. ತಂಗಿಯೊಬ್ಬಳ ಪರೀಕ್ಷೆಗೆ ಬೇಕಾದುದು ಒಂದಿಷ್ಟು ರಕ್ತ, ಒಂದು ದಿನದ ಮೂತ್ರ ಮತ್ತು ಕಣ್ಣಿನ ತಪಾಸಣೆ.